ಸಾಹೇಬ್ರು ಇವತ್ತು ಗರಂ ಇದ್ದಾರೆ

1972ರ ಜೂನ್ 18, ಭಾನುವಾರ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಪೈಲಟ್‌ಗಳು ಕೂರುವ ಕೋಣೆ. ಪೈಲಟ್‌ಗಳ ಸಂಘ ಮುಷ್ಕರದ ಮಾತಾಡುತ್ತಿದ್ದ ದಿನಗಳವು. ಬ್ರಿಟಿಷ್ ಯುರೋಪಿಯನ್ ಏರ್‌ವೇಸ್‌ನ ಹಿರಿಯ ಕ್ಯಾಪ್ಟನ್, 51 ವರ್ಷದ ಸ್ಟ್ಯಾನ್ಲಿ ಕೀ ಮುಷ್ಕರಕ್ಕೆ ಕಡುವಿರೋಧಿ. ಆಗದವರು ಅವರನ್ನು ಆಡಿಕೊಂಡು ವಿಮಾನಗಳ ಕಾಕ್‌ಪಿಟ್ಟಿನೊಳಗೇ ಗೀಚಿಟ್ಟಿದ್ದರು. ಅಂದು ಸಹೋದ್ಯೋಗಿಯೊಬ್ಬರು ಮುಷ್ಕರದ ಪರ ಮಾತೆತ್ತಿದ್ದೇ ತಡ, ಕೀ ಕೆಂಡಾಮಂಡಲವಾದರು. ತಾನು ಕೇಳಿದ ಜಗಳಗಳಲ್ಲೇ ಅದು ಅತಿ ಉಗ್ರವಾದದ್ದು ಎಂದು ಅಲ್ಲಿದ್ದ ಒಬ್ಬರು ಆಮೇಲೆ ಹೇಳಿದರು. ಸ್ವಲ್ಪ ಹೊತ್ತಿಗೆ ಕೀ ತಣ್ಣಗಾಗಿ ಕ್ಷಮೆಯನ್ನೂ ಕೇಳಿದರು. ವಿಷಯ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದರು. ಆದರೆ ಆ ರಂಪಾಟವನ್ನು ನೋಡಿದವರಲ್ಲಿ, ಇನ್ನೊಂದೂವರೆ ಗಂಟೆಯಲ್ಲಿ ಅದೇ ಕೀ ಜೊತೆ ಕಾಕ್‌ಪಿಟ್ಟಿನಲ್ಲಿ ಕೂರಬೇಕಾಗಿದ್ದ ಇಬ್ಬರು ಕಿರಿಯರೂ ಇದ್ದರು. ಒಬ್ಬನಿಗೆ 24 ವರ್ಷ, ಇನ್ನೊಬ್ಬನಿಗೆ 22.

ಬ್ರಸೆಲ್ಸ್‌ಗೆ ಹೊರಟ ಆ ಟ್ರೈಡೆಂಟ್ ವಿಮಾನ ನೆಲ ಬಿಟ್ಟು ಮೂರು ನಿಮಿಷ ತುಂಬುವ ಮೊದಲೇ ಸ್ಟೇನ್ಸ್ ಪಟ್ಟಣದ ಬಳಿ ಬಿತ್ತು. ವಿಮಾನದಲ್ಲಿದ್ದ 118 ಮಂದಿಯೂ ಸತ್ತರು. ಕಡಿಮೆ ವೇಗದಲ್ಲೂ ವಿಮಾನ ಗಾಳಿಯಲ್ಲಿ ನಿಲ್ಲಲೆಂದು ರೆಕ್ಕೆಯ ಮುಂದಿನ ಅಂಚನ್ನು ಬಾಗಿಸಿಟ್ಟಿರುತ್ತಾರೆ. ಸಾಕಷ್ಟು ವೇಗ ಬರುವ ಮುನ್ನವೇ ಯಾರೋ ಅದನ್ನು ಒಳಕ್ಕೆ ಎಳೆದಿದ್ದರು. ಎಚ್ಚರಿಕೆಯ ಸಾಧನಗಳು ಕೆಲಸ ಮಾಡಿದರೂ ಮೂವರಲ್ಲಿ ಒಬ್ಬರೂ ತಪ್ಪನ್ನು ಸರಿಪಡಿಸಲಿಲ್ಲ. ಶವಪರೀಕ್ಷೆ ಮಾಡಿದಾಗ ಕೀ ಅವರ ಹೃದಯದ ರಕ್ತನಾಳದಲ್ಲಿ ಹರಿದ ಗುರುತು ಸಿಕ್ಕಿತು. ಆ ನೋವು ಅವರ ಗಮನವನ್ನು ಕದಡಿರಬೇಕು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಜೊತೆಯವರು ವಿಮಾನದ ವೇಗದ ಮೇಲೆ ಕಣ್ಣಿಡದೆ ಹೋದದ್ದನ್ನೂ, ಕಿರಿಯ ಪೈಲಟ್‌ನ ಅನುಭವದ ಕೊರತೆಯನ್ನೂ ಕಾರಣಗಳ ಪಟ್ಟಿಗೆ ಸೇರಿಸಿದರು. ಆ ವಿಮಾನದಲ್ಲಿ ಧ್ವನಿಮುದ್ರಣ ಯಂತ್ರ ಇರಲಿಲ್ಲ. ಹಾಗಾಗಿ ಆ ಕೊನೆಯ ನಿಮಿಷಗಳಲ್ಲಿ ಯಾರು ಏನು ಹೇಳಿದರು, ಯಾರು ಬಾಯಿ ಬಿಡಲಿಲ್ಲ ಎಂಬುದು ಯಾರಿಗೂ ತಿಳಿಯಲಿಲ್ಲ.

ಕ್ಯಾಪ್ಟನ್‌ನ ಸಿಟ್ಟೇ ವಿಮಾನವನ್ನು ಬೀಳಿಸಿತು ಎಂದರೆ ಅದು ಅತಿರೇಕ. ಆದರೂ ಒಂದು ಪ್ರಶ್ನೆ ಕಾಡುತ್ತದೆ. ಹಿರಿಯನೊಬ್ಬ ಸಹೋದ್ಯೋಗಿಯ ಮೇಲೆಯೇ ಎಗರಾಡಿದ್ದನ್ನು ಆಗಷ್ಟೇ ಕಣ್ಣಾರೆ ಕಂಡ 22ರ ಹುಡುಗ, ಅದೇ ಹಿರಿಯನಿಗೆ ‘ಕ್ಯಾಪ್ಟನ್, ವೇಗ ಸಾಲದು’ ಎಂದು ಹೇಳುತ್ತಾನೆಯೇ?

ವಿಮಾನಯಾನ ಕ್ಷೇತ್ರ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ಒಂದಾದ ಮೇಲೊಂದು ದುರಂತದಲ್ಲಿ ಯಂತ್ರ ಸರಿಯಿದ್ದೂ ಕಾಕ್‌ಪಿಟ್ಟಿನೊಳಗಿನ ಮಾತುಕತೆ ಕೆಟ್ಟಿದ್ದು ಕಂಡುಬಂದಾಗ, 1979ರಲ್ಲಿ ನಾಸಾ ಇದಕ್ಕೆಂದೇ ಕಾರ್ಯಾಗಾರ ನಡೆಸಿತು. ಅಲ್ಲಿಂದ ಬೆಳೆದ ತರಬೇತಿ ಇಂದು ಜಗತ್ತಿನ ಪೈಲಟ್‌ಗಳಿಗೆಲ್ಲ ಕಡ್ಡಾಯ ಎನ್ನುವಷ್ಟು ಹಬ್ಬಿದೆ. ಕಿರಿಯನಿಗೆ ಹೇಳುವುದನ್ನು ಕಲಿಸುತ್ತಾರೆ, ಹಿರಿಯನಿಗೆ ಕೇಳುವುದನ್ನು. ಒಂದು ಕಲಿತು ಇನ್ನೊಂದು ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. 2010ರ ಮೇ 22ರಂದು 158 ಜೀವ ತೆಗೆದುಕೊಂಡ ಮಂಗಳೂರಿನ ವಿಮಾನ ದುರಂತದಲ್ಲಿ, ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದು ಧ್ವನಿಮುದ್ರಣದಲ್ಲಿತ್ತು.

ಕಾಕ್‌ಪಿಟ್ಟಿನಲ್ಲಿ ಮಾತು ನಿಂತರೆ ವಿಮಾನ ಬೀಳುತ್ತದೆ, ತನಿಖೆ ನಡೆಯುತ್ತದೆ. ಕಚೇರಿಯಲ್ಲಿ ಮಾತು ನಿಂತರೆ ಸದ್ದೇ ಆಗುವುದಿಲ್ಲ.

ಯಾವುದಾದರೂ ಜಿಲ್ಲಾ ಕೇಂದ್ರದ ಸರ್ಕಾರಿ ಕಚೇರಿಯ ಮೊಗಸಾಲೆಯಲ್ಲಿ ಅರ್ಧ ಗಂಟೆ ಕುಳಿತರೆ ಇದು ಗೊತ್ತಾಗುತ್ತದೆ. ಸಾಹೇಬರ ಕೋಣೆಯ ಬಾಗಿಲಲ್ಲಿ ದಲಾಯತ್ ಸ್ಟೂಲಿನ ಮೇಲೆ ಕುಳಿತಿರುತ್ತಾನೆ. ಕಡತವನ್ನು ಎದೆಗವಚಿಕೊಂಡು ಬಂದ ಎಫ್‌ಡಿಎ ಬಾಯಿ ಬಿಡುವುದಿಲ್ಲ, ಹುಬ್ಬೇರಿಸಿ ಕಣ್ಣಲ್ಲೇ ಕೇಳುತ್ತಾರೆ. ‘ಈಗ ಬ್ಯಾಡ ಸಾರ್. ಬೆಳಿಗ್ಗೆಯಿಂದ ಗರಂ ಇದ್ದಾರೆ. ಊಟ ಆದ್ಮೇಲೆ ಬನ್ನಿ’ ಎಂದು ತಗ್ಗಿದ ದನಿಯಲ್ಲಿ ಉತ್ತರ ಬರುತ್ತದೆ. ಕಡತ ಬಂದ ದಾರಿಯಲ್ಲೇ ವಾಪಸ್ಸು. ಊಟದ ನಂತರ ಸಾಹೇಬರಿಗೆ ಮೀಟಿಂಗ್. ಮರುದಿನ ಕ್ಯಾಂಪ್. ನ್ಯಾಯಾಲಯಕ್ಕೆ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದು ಎಂಬುದು ಆ ಕಡತದ ಮೂರನೇ ಪುಟದಲ್ಲಿದ್ದರೆ, ಅದು ಸಾಹೇಬರಿಗೆ ತಿಳಿಯುವುದು ದಿನ ಮೀರಿದ ಮೇಲೆಯೇ. ಆಗ ಅವರು ಇನ್ನಷ್ಟು ಗರಂ ಆಗುತ್ತಾರೆ. ‘ಮೊದಲೇ ಯಾಕ್ರೀ ಹೇಳ್ಲಿಲ್ಲ?’ ಎಂದು ಮೇಜು ಗುದ್ದುತ್ತಾರೆ.

ಬೆಂಗಳೂರಿನ ಐಟಿ ಪಾರ್ಕುಗಳಲ್ಲಿ ದಲಾಯತ್ ಇಲ್ಲ, ವಾಟ್ಸ್ಆ್ಯಪ್ ಇದೆ. ಮ್ಯಾನೇಜರ್ ಇಲ್ಲದ ಇನ್ನೊಂದು ಗುಂಪು ಪ್ರತಿ ತಂಡದಲ್ಲೂ ಇರುತ್ತದೆ. ಕ್ಲೈಂಟ್ ಕಾಲ್ ಮುಗಿಸಿ ಮುಖ ಗಂಟಿಕ್ಕಿಕೊಂಡು ಬಂದರು, ಇವತ್ತು ಬಿಲ್ಡ್ ಫೇಲ್ ಆಗಿದ್ದನ್ನು ಎತ್ತಬೇಡಿ ಎಂಬ ಹವಾಮಾನ ವರದಿ ಅಲ್ಲಿ ಹರಿದಾಡುತ್ತದೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಗಂಟೆಗಿಷ್ಟು ಪೀಸ್ ಎಂದು ಲೆಕ್ಕ ಹಿಡಿದು ನಿಂತ ಸೂಪರ್‌ವೈಸರ್ ಕೂಗಾಡುವವನಾದರೆ, ಸೂಜಿ ಸರಿಯಿಲ್ಲ ಎಂದು ಹೇಳುವ ಬದಲು ಹೆಂಗಸರು ಹೊಲಿಗೆ ತಪ್ಪಿದ ಪೀಸನ್ನು ಕಟ್ಟಿನ ನಡುವೆ ಸೇರಿಸಿ ಮುಂದಕ್ಕೆ ತಳ್ಳುತ್ತಾರೆ.

ನಾಯಕನಾದವನ ಸಿಟ್ಟಿನ ಬಗ್ಗೆ ಬರುವ ಉಪದೇಶಗಳಲ್ಲಿ ಹೆಚ್ಚಿನವು ಅದನ್ನು ಶೀಲದ ಪ್ರಶ್ನೆಯಾಗಿಯೋ ರಕ್ತದೊತ್ತಡದ ಪ್ರಶ್ನೆಯಾಗಿಯೋ ನೋಡುತ್ತವೆ. ಅವೆರಡೂ ಇವೆ, ಇಲ್ಲವೆಂದಲ್ಲ. ಆದರೆ ಸಂಸ್ಥೆಯ ದೃಷ್ಟಿಯಿಂದ ದೊಡ್ಡ ನಷ್ಟ ಬೇರೆಯೇ. ಬಾಸ್ ಸಿಡಿದಾಗ ಮೊದಲು ನಿಲ್ಲುವುದು ಸುದ್ದಿ. ಅದರಲ್ಲೂ ಅವರಿಗೆ ತುರ್ತಾಗಿ ಬೇಕಾದ ಕೆಟ್ಟ ಸುದ್ದಿ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಇದನ್ನು ಕಂಡುಕೊಂಡದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ನರ್ಸ್ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ಮುಖ್ಯಸ್ಥರಿರುವ, ಹೊಂದಿಕೊಂಡು ಹೋಗುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆ. ಅಂಕಿಅಂಶ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳು ಹೆಚ್ಚು! ಕೆದಕಿ ನೋಡಿದಾಗ ಗುಟ್ಟು ಬಯಲಾಯಿತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳುತ್ತಿದ್ದವು. ಮುಖ್ಯಸ್ಥರಿಗೆ ಹೆದರುವ ವಾರ್ಡುಗಳಲ್ಲಿ ಕಾಗದ ಸ್ವಚ್ಛ, ರೋಗಿಯ ಗತಿ ದೇವರೇ ಬಲ್ಲ.

ಬಾಯಿ ಕಟ್ಟುವುದಷ್ಟೇ ಅಲ್ಲ, ಗದರಿಕೆ ಕೈಯನ್ನೂ ಕಟ್ಟುತ್ತದೆ. ಇಸ್ರೇಲಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ 24 ವೈದ್ಯ-ನರ್ಸ್ ತಂಡಗಳಿಗೆ ಒಂದು ಬೊಂಬೆ ಮಗುವನ್ನು ಕೊಟ್ಟು ಚಿಕಿತ್ಸೆ ಮಾಡಲು ಹೇಳಿದರು. ಅವಧಿಗೆ ಮೊದಲೇ ಹುಟ್ಟಿದ, ಕರುಳಿನ ಕಾಯಿಲೆಯಿಂದ ಕ್ಷಣಕ್ಷಣಕ್ಕೂ ಹದಗೆಡುತ್ತಿರುವ ಮಗು ಎಂಬ ಸನ್ನಿವೇಶ. ಅಮೆರಿಕದಿಂದ ತಜ್ಞರೊಬ್ಬರು ಇದನ್ನು ನೋಡುತ್ತಿದ್ದಾರೆ ಎಂದೂ ತಿಳಿಸಿದ್ದರು. ಅರ್ಧದಷ್ಟು ತಂಡಗಳಿಗೆ ಆ ‘ತಜ್ಞ’ರಿಂದ ಕೊಂಕು ಮಾತು ಕೇಳಿಸಿದರು. ಇಲ್ಲಿನ ವೈದ್ಯಕೀಯದ ಮಟ್ಟ ಅಷ್ಟಕ್ಕಷ್ಟೇ, ಇಂಥವರು ನಮ್ಮ ವಿಭಾಗದಲ್ಲಿ ಒಂದು ವಾರವೂ ಬಾಳುವುದಿಲ್ಲ ಎಂಬ ಧಾಟಿಯ ಮಾತು. ಬೈಗುಳವಿಲ್ಲ, ಕೂಗಾಟವಿಲ್ಲ, ಬರೀ ತಿರಸ್ಕಾರ. ಅಷ್ಟಕ್ಕೇ ಆ ತಂಡಗಳ ರೋಗನಿರ್ಣಯ ಕೆಟ್ಟಿತು, ಚಿಕಿತ್ಸೆಯ ಕೈಚಳಕವೂ ಕೆಟ್ಟಿತು. ಒಬ್ಬರಿಗೊಬ್ಬರು ಮಾಹಿತಿ ಹಂಚಿಕೊಳ್ಳುವುದು, ನೆರವು ಕೇಳುವುದು ಕಡಿಮೆಯಾದದ್ದೇ ಇದರ ಹಿಂದಿನ ಮುಖ್ಯ ಕಾರಣ ಎಂದು ಸಂಶೋಧಕರು ತೋರಿಸಿದರು.

ಹೀಗಿದ್ದೂ ಬಾಸ್‌ಗಳು ಯಾಕೆ ಕೂಗಾಡುತ್ತಾರೆ? ಕೂಗಾಡಿದರೆ ಕೆಲಸ ಆಗುತ್ತದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ‘ನಾಲ್ಕು ಬೈದ್ರೆ ದಾರಿಗೆ ಬರ್ತಾರೆ’ ಎಂಬುದು ಅವರ ಪಾಲಿಗೆ ಕಣ್ಣಾರೆ ಕಂಡ ಸತ್ಯ. ಈ ನಂಬಿಕೆಯ ಬುಡವನ್ನು ಅಲ್ಲಾಡಿಸಿದವರು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್. 1960ರ ದಶಕದಲ್ಲಿ ಅವರು ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದರು. ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಕಲಿಸುತ್ತದೆ ಎಂದು ಅವರು ಹೇಳಿದಾಗ ಹಿರಿಯ ತರಬೇತುದಾರರೊಬ್ಬರು ಎದ್ದು ನಿಂತು ಒಪ್ಪಲಿಲ್ಲ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಹೆಡ್‌ಫೋನಿನಲ್ಲಿ ಕಿರುಚಿದರೆ ಮುಂದಿನ ಸಲ ಸುಧಾರಿಸುತ್ತಾನೆ. ಇದು ತನ್ನ ಅನುಭವ ಎಂದರು.

ಅನುಭವ ಸುಳ್ಳಾಗಿರಲಿಲ್ಲ, ಅದಕ್ಕೆ ಕೊಟ್ಟ ಕಾರಣ ಸುಳ್ಳಾಗಿತ್ತು. ಕಾನೆಮನ್ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರಿ ಬರೆದು, ತರಬೇತುದಾರರನ್ನು ಅದಕ್ಕೆ ಬೆನ್ನು ಹಾಕಿ ನಿಲ್ಲಿಸಿ, ಎರಡೆರಡು ಸಲ ನಾಣ್ಯ ಎಸೆಯಿಸಿದರು. ಮೊದಲ ಎಸೆತ ಗುರಿಯ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರದ್ದು ಎರಡನೇ ಸಲ ದೂರ ಬಿತ್ತು. ಮೊದಲು ದೂರ ಎಸೆದಿದ್ದವರಲ್ಲಿ ಹೆಚ್ಚಿನವರು ಎರಡನೇ ಸಲ ಹತ್ತಿರ ಬಂದರು. ಹೊಗಳಿದವರಿಲ್ಲ, ಬೈದವರೂ ಇಲ್ಲ. ತೀರಾ ಕೆಟ್ಟ ದಿನದ ಮರುದಿನ ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ, ಅದು ಸಂಖ್ಯೆಗಳ ಸಹಜ ನಡೆ. ಬಾಸ್ ಬೈಯುವುದು ಆ ತೀರಾ ಕೆಟ್ಟ ದಿನದಂದು. ಮರುದಿನ ಬರುವ ಸುಧಾರಣೆಯ ಕೀರ್ತಿ ಪುಕ್ಕಟೆಯಾಗಿ ಅವರ ಬೈಗುಳಕ್ಕೆ ಸಲ್ಲುತ್ತದೆ. ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಈ ಭ್ರಮೆ ಗಟ್ಟಿಯಾಗುತ್ತಲೇ ಹೋಗುತ್ತದೆ.

ಇನ್ನೊಂದು ಕಾರಣ ನೋಡುವವರಲ್ಲಿದೆ. ಸಿಟ್ಟಾದವನನ್ನು ಜನ ಸಮರ್ಥ ಎಂದುಕೊಳ್ಳುತ್ತಾರೆ. ಸ್ಟ್ಯಾನ್‌ಫರ್ಡ್‌ನ ಲರಿಸಾ ಟೀಡೆನ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೋನಿಕಾ ಲೆವಿನ್‌ಸ್ಕಿ ಪ್ರಕರಣದ ಕಾಲದ ಬಿಲ್ ಕ್ಲಿಂಟನ್ ಅವರ ದೃಶ್ಯಗಳನ್ನು ತೋರಿಸಿದರು. ದುಃಖದ ಮುಖದ ಕ್ಲಿಂಟನ್‌ಗಿಂತ ಸಿಟ್ಟಿನ ಮುಖದ ಕ್ಲಿಂಟನ್‌ಗೆ ಹೆಚ್ಚು ಬೆಂಬಲ ಸಿಕ್ಕಿತು. ಆದರೆ ಈ ಲಾಭ ಗಂಡಸರಿಗೆ ಮಾತ್ರ. 2008ರಲ್ಲಿ ವಿಕ್ಟೋರಿಯಾ ಬ್ರೆಸ್ಕಾಲ್ ಮತ್ತು ಎರಿಕ್ ಉಲ್‌ಮನ್ ನಡೆಸಿದ ಅಧ್ಯಯನಗಳಲ್ಲಿ ಸಿಟ್ಟಾದ ಗಂಡಸಿನ ಸ್ಥಾನಮಾನ ಏರಿತು, ಸಿಟ್ಟಾದ ಹೆಂಗಸಿನದು ಇಳಿಯಿತು. ಗಂಡಸಿನ ಸಿಟ್ಟಿಗೆ ಸನ್ನಿವೇಶ ಕಾರಣ, ಹೆಂಗಸಿನ ಸಿಟ್ಟಿಗೆ ಅವಳ ಸ್ವಭಾವವೇ ಕಾರಣ ಎಂದು ಜನ ಎಣಿಸಿದರು. ‘ಸರ್ ಸ್ವಲ್ಪ ಸ್ಟ್ರಿಕ್ಟು, ಮೇಡಂ ಮಾತ್ರ ಜಗಳಗಂಟಿ’ ಎಂದು ನಮ್ಮ ಕಚೇರಿಗಳಲ್ಲಿ ಕೇಳಿಬರುವ ಮಾತಿನ ಲೆಕ್ಕಾಚಾರವೂ ಇದೇ.

ಹಾಗಾದರೆ ಸಿಟ್ಟು ಕೆರಳುವುದು ಯಾವುದಕ್ಕೆ? ತಪ್ಪಿಗೆ ಎಂದು ಎಲ್ಲರೂ ಹೇಳುತ್ತಾರೆ. ಹತ್ತಿರದಿಂದ ನೋಡಿದರೆ ಬಹಳಷ್ಟು ಸಲ ತಪ್ಪಿಗಿಂತ ಅದರಿಂದಾಗುವ ಮುಖಭಂಗ ಕೆಣಕಿರುತ್ತದೆ. ಸಂಜೆ ಆರಕ್ಕೆ ಕ್ಲೈಂಟ್ ಕಾಲ್. ತನ್ನ ತಂಡದ ಲೋಪವೊಂದನ್ನು ಡೆಲಿವರಿ ಮ್ಯಾನೇಜರ್ ಮೊದಲ ಬಾರಿ ಕೇಳುವುದು ಕ್ಲೈಂಟ್ ಬಾಯಲ್ಲಿ, ಅದೂ ತನ್ನ ಮೇಲಧಿಕಾರಿ ಕಾಲ್‌ನಲ್ಲಿರುವಾಗ. ಮೇಲಿನವರ ಮುಂದೆ ‘ನೋಡ್ತೀನಿ ಸರ್’ ಎಂದು ಹಲ್ಲು ಕಚ್ಚಿ ಹೇಳಿ, ಕಾಲ್ ಮುಗಿದ ಮರುಕ್ಷಣ ಕೈಗೆ ಸಿಕ್ಕ ಇಂಜಿನಿಯರ್ ಮೇಲೆ ಹರಿಹಾಯುತ್ತಾರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆ ಇಂಜಿನಿಯರ್ ಆ ಕೋಡನ್ನು ಮುಟ್ಟಿಯೇ ಇರಲಿಲ್ಲ ಎಂಬುದು ಸೋಮವಾರ ಗೊತ್ತಾಗುತ್ತದೆ.

ಎಲ್ಲರನ್ನೂ ಒಂದೇ ಸಂಗತಿ ಕೆರಳಿಸುವುದಿಲ್ಲ. ಒಬ್ಬರಿಗೆ ತಡವಾಗಿ ಬರುವವರನ್ನು ಕಂಡರಾಗದು, ಇನ್ನೊಬ್ಬರಿಗೆ ಎದುರು ಮಾತು ಸಹಿಸಲಾಗದು, ಮತ್ತೊಬ್ಬರಿಗೆ ತನ್ನನ್ನು ದಾಟಿ ಮೇಲಿನವರಿಗೆ ಹೋದ ಇಮೇಲ್ ಕಂಡರೆ ಪಿತ್ತ ನೆತ್ತಿಗೇರುತ್ತದೆ. ಶಾಂತಮೂರ್ತಿಗಳೆನಿಸಿದವರಿಗೂ ಇಂಥದೊಂದು ಇದ್ದೇ ಇರುತ್ತದೆ. 2019ರ ಏಪ್ರಿಲ್ 11ರಂದು ಜೈಪುರದ ಐಪಿಎಲ್ ಪಂದ್ಯದಲ್ಲಿ ನೋಬಾಲ್ ತೀರ್ಪು ಬದಲಾದಾಗ, ಆಗಲೇ ಔಟಾಗಿ ಹೊರಗೆ ಕುಳಿತಿದ್ದ ‘ಕ್ಯಾಪ್ಟನ್ ಕೂಲ್’ ಧೋನಿ ನೇರ ಮೈದಾನಕ್ಕೆ ನುಗ್ಗಿ ಅಂಪೈರ್ ಜೊತೆ ವಾದಕ್ಕಿಳಿದರು. ನಮ್ಮ ರಾಹುಲ್ ದ್ರಾವಿಡ್ 2014ರಲ್ಲಿ ರಾಜಸ್ಥಾನ ರಾಯಲ್ಸ್ ಮಾರ್ಗದರ್ಶಕರಾಗಿದ್ದಾಗ, ವಾಂಖೆಡೆಯಲ್ಲಿ ಕೈಗೆ ಬಂದ ಪಂದ್ಯ ಜಾರಿದ ಕ್ಷಣ ಟೋಪಿ ಕಿತ್ತು ನೆಲಕ್ಕೆಸೆದರು. ದ್ರಾವಿಡ್‌ಗೆ ಸಿಟ್ಟು ಬಂದರೆ ಹೇಗಿರುತ್ತದೆ ಎಂಬ ಕಲ್ಪನೆಯೇ ಎಷ್ಟು ವಿಚಿತ್ರವೆಂದರೆ, 2021ರಲ್ಲಿ ಅದರ ಮೇಲೆ ಒಂದು ಜಾಹೀರಾತೇ ಬಂತು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ದ್ರಾವಿಡ್ ಬ್ಯಾಟಿನಿಂದ ಪಕ್ಕದ ಕಾರಿನ ಕನ್ನಡಿ ಒಡೆದು ತಾನು ಇಂದಿರಾನಗರದ ಗೂಂಡಾ ಎಂದು ಅಬ್ಬರಿಸಿದ್ದನ್ನು ಕಂಡು ದೇಶವೇ ನಕ್ಕಿತು. ಮೈದಾನಕ್ಕೆ ನುಗ್ಗಿದ ಧೋನಿಗೆ ಪಂದ್ಯದ ಸಂಭಾವನೆಯ ಅರ್ಧ ದಂಡ ಬಿತ್ತು. ಕಚೇರಿಯಲ್ಲಿ ಅಂಥ ಮ್ಯಾಚ್ ರೆಫರಿ ಇಲ್ಲದಿರುವುದೇ ತೊಂದರೆ.

ದೇಹದ ಸ್ಥಿತಿಯೂ ಇದರಲ್ಲಿ ಪಾಲುದಾರ. 2007ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು, ಸುಮಾರು 35 ಗಂಟೆ ನಿದ್ದೆಗೆಟ್ಟವರ ಮಿದುಳಿನ ಸ್ಕ್ಯಾನ್ ಮಾಡಿದಾಗ, ಅಹಿತಕರ ಚಿತ್ರಗಳಿಗೆ ಅಮಿಗ್ಡಲ ಎಂಬ ಭಾಗ ತೋರಿದ ಪ್ರತಿಕ್ರಿಯೆ ನಿದ್ದೆ ಮಾಡಿದವರಿಗಿಂತ ಶೇ 60ರಷ್ಟು ಹೆಚ್ಚಿತ್ತು. ಆ ಭಾಗಕ್ಕೆ ಲಗಾಮು ಹಾಕುವ ಮುಂಮಿದುಳಿನ ನಂಟೂ ಸಡಿಲವಾಗಿತ್ತು. ರಾತ್ರಿ ಎರಡರವರೆಗೆ ಅಮೆರಿಕದ ಜೊತೆ ಕಾಲ್ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನ ತಂಡದ ಮುಂದೆ ಕೂರುವ ಮ್ಯಾನೇಜರ್‌ಗೆ ಸಹನೆಯ ಪಾಠಕ್ಕಿಂತ ಮೊದಲು ನಿದ್ದೆ ಬೇಕು. ಸಿಟ್ಟು ಸ್ವತಃ ಹೃದಯಕ್ಕೂ ಹೊರೆ. ಹೃದಯಾಘಾತವಾದ ಸುಮಾರು 1,600 ಜನರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ, ಸಿಟ್ಟಿನಿಂದ ಸಿಡಿದ ಮೇಲಿನ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

ಪರಿಹಾರವೆಂದು ಜನ ಸಾಮಾನ್ಯವಾಗಿ ಹೇಳುವ ಎರಡೂ ದಾರಿಗಳು ಸರಿಯಿಲ್ಲ. ‘ಕಕ್ಕಿಬಿಡಿ, ಹಗುರಾಗುತ್ತೆ’ ಎಂಬುದು ಮೊದಲನೆಯದು. ಬ್ರಾಡ್ ಬುಶ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಬರೆದ ಪ್ರಬಂಧವನ್ನು ಹೀನಾಯವಾಗಿ ಟೀಕಿಸಿ ಸಿಟ್ಟೆಬ್ಬಿಸಿದ ಮೇಲೆ, ಕೆಲವರಿಗೆ ಟೀಕಿಸಿದವನನ್ನೇ ನೆನೆಯುತ್ತ ಬಾಕ್ಸಿಂಗ್ ಚೀಲಕ್ಕೆ ಗುದ್ದಲು ಹೇಳಿದರು, ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರ ಸಿಟ್ಟು ಏರಿತ್ತು. ಏನೂ ಮಾಡದೆ ಕುಳಿತವರೇ ಹೆಚ್ಚು ತಣ್ಣಗಿದ್ದರು. 2024ರಲ್ಲಿ ಅವರೇ ಸೇರಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು. ದೀರ್ಘ ಉಸಿರಾಟ, ಧ್ಯಾನ, ಯೋಗದಂಥ ಮೈಯ ಬಿಸಿ ಇಳಿಸುವ ಕೆಲಸಗಳು ಕೋಪವನ್ನು ತಗ್ಗಿಸಿದವು, ಓಟ ತಗ್ಗಿಸಲಿಲ್ಲ.

ಎರಡನೆಯ ದಾರಿ ನುಂಗಿಕೊಳ್ಳುವುದು. ಮುಖದಲ್ಲಿ ಏನೂ ತೋರಿಸದೆ, ಒಳಗೊಳಗೇ ಕುದಿಯುವ ಬಾಸ್‌ಗಳು ತಾವು ಗೆದ್ದೆವು ಎಂದುಕೊಳ್ಳುತ್ತಾರೆ. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ಅಪರಿಚಿತ ಮಹಿಳೆಯರ ಜೋಡಿಗಳಿಗೆ ಮನ ಕಲಕುವ ಚಿತ್ರ ತೋರಿಸಿ, ಅದರ ಬಗ್ಗೆ ಮಾತಾಡಲು ಬಿಟ್ಟರು. ಜೋಡಿಯಲ್ಲಿ ಒಬ್ಬಾಕೆಗೆ ಮಾತ್ರ ಭಾವನೆ ತೋರಗೊಡಬೇಡಿ ಎಂದು ಗುಟ್ಟಾಗಿ ಹೇಳಿದ್ದರು. ಆಗ ಎದುರಿಗಿದ್ದ, ಏನೂ ಅರಿಯದ ಇನ್ನೊಬ್ಬಾಕೆಯ ರಕ್ತದೊತ್ತಡವೂ ಏರಿತು. ಬಾಯಿ ಮುಚ್ಚಿದ ಬಾಸ್‌ನ ಕುದಿ ಕೋಣೆಯಲ್ಲಿದ್ದವರಿಗೆ ಗೊತ್ತಾಗದೆ ಇರುವುದಿಲ್ಲ.

ಫಲ ಕೊಡುವ ಉಪಾಯಗಳು ನೋಡಲು ಬಹಳ ಸಾದಾ. ಒಂದು, ಬಂದ ಭಾವನೆಗೆ ಹೆಸರಿಡುವುದು. ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿದಂತೆ, ಸಿಟ್ಟಿನ ಅಥವಾ ಭಯದ ಮುಖ ಕಂಡಾಗ ಆ ಭಾವನೆ ಯಾವುದು ಎಂಬ ಪದ ಆರಿಸಿದರೆ ಸಾಕು, ಅಮಿಗ್ಡಲದ ಚಟುವಟಿಕೆ ಇಳಿಯುತ್ತದೆ. ಮೀಟಿಂಗ್‌ನಲ್ಲಿ ‘ಈ ವಿಷಯ ಕ್ಲೈಂಟ್ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ, ಅದರಿಂದ ನನಗೆ ಸಿಟ್ಟು ಬಂದಿದೆ. ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎನ್ನುವ ಮ್ಯಾನೇಜರ್ ಸಿಟ್ಟನ್ನು ಮುಚ್ಚಿಟ್ಟಿಲ್ಲ, ಯಾರ ಮೇಲೂ ಎಸೆದೂ ಇಲ್ಲ. ಏನು ತಪ್ಪಾಯಿತು ಎಂಬುದು ತಂಡಕ್ಕೆ ತಿಳಿಯಿತು, ಯಾರ ತಲೆಯೂ ಉರುಳಲಿಲ್ಲ.

ಇನ್ನೊಂದು ಉಪಾಯ, ತಡಮಾಡುವುದು. 1863ರ ಜುಲೈ 14ರಂದು ಅಬ್ರಹಾಂ ಲಿಂಕನ್ ಕುದಿಯುತ್ತಿದ್ದರು. ಗೆಟಿಸ್‌ಬರ್ಗ್‌ನ ಯುದ್ಧ ಗೆದ್ದ ಜನರಲ್ ಮೀಡ್, ಸೋತು ಹಿಮ್ಮೆಟ್ಟುತ್ತಿದ್ದ ಎದುರಾಳಿ ಜನರಲ್ ಲೀಯ ಸೇನೆಯನ್ನು ಪೊಟೋಮ್ಯಾಕ್ ನದಿ ದಾಟಲು ಬಿಟ್ಟಿದ್ದರು. ಅಂದೇ ಯುದ್ಧವನ್ನು ಮುಗಿಸಬಹುದಿತ್ತು ಎಂಬುದು ಲಿಂಕನ್ನರ ಸಂಕಟ. ಅಧ್ಯಕ್ಷರ ಅತೃಪ್ತಿ ಮೇಲಧಿಕಾರಿಯ ತಂತಿಯಲ್ಲಿ ತಲುಪಿದ್ದೇ ತಡ ಮೀಡ್ ರಾಜೀನಾಮೆಗೆ ಮುಂದಾದರು. ಲಿಂಕನ್ ಅವರಿಗೊಂದು ಪತ್ರ ಬರೆದರು. ಗೆಲುವಿಗೆ ಕೃತಜ್ಞತೆ ಹೇಳಿ ಶುರುವಾದ ಪತ್ರ, ತಪ್ಪಿಹೋದ ಅವಕಾಶದ ಬಗ್ಗೆ ಕಟುಮಾತಿಗೆ ತಿರುಗಿತು. ಬರೆದು ಮುಗಿಸಿ, ಲಕೋಟೆಯಲ್ಲಿಟ್ಟು, ಕಳಿಸಿಲ್ಲ, ಸಹಿ ಹಾಕಿಲ್ಲ ಎಂದು ಅದರ ಮೇಲೆ ಟಿಪ್ಪಣಿ ಬರೆದು ಎತ್ತಿಟ್ಟರು. ಮೀಡ್ 1865ರಲ್ಲಿ ಯುದ್ಧ ಮುಗಿಯುವವರೆಗೂ ಅದೇ ಸೇನೆಯ ದಂಡನಾಯಕರಾಗಿ ಉಳಿದರು. ಲಿಂಕನ್ ಕಾಲದಲ್ಲಿ ಪತ್ರ ತಲುಪಲು ಸಮಯ ಬೇಕಿತ್ತು, ಮನಸ್ಸು ಬದಲಿಸಲು ಪುರುಸೊತ್ತಿತ್ತು. ಇಂದು ಜಿಮೇಲ್ ಕಳಿಸಿದ್ದನ್ನು ಹಿಂಪಡೆಯಲು ಕೊಡುವ ಗರಿಷ್ಠ ಅವಧಿ 30 ಸೆಕೆಂಡ್. ‘ರಿಪ್ಲೈ ಆಲ್’ ಒತ್ತುವ ಮುನ್ನ ವಿಳಾಸದ ಜಾಗವನ್ನು ಖಾಲಿ ಬಿಟ್ಟು ಬರೆಯುವುದು ಒಳ್ಳೆಯ ಅಭ್ಯಾಸ.

ತಡಮಾಡದವರ ಕತೆಗೆ ಉಬರ್ ಸಹಸ್ಥಾಪಕ ಟ್ರಾವಿಸ್ ಕಲಾನಿಕ್ ಸಾಕು. 2017ರ ಫೆಬ್ರುವರಿಯಲ್ಲಿ ತನ್ನದೇ ಕಂಪನಿಯ ಕಾರಿನಲ್ಲಿ ಹೋಗುತ್ತಿದ್ದಾಗ, ಬಾಡಿಗೆ ದರ ಇಳಿಸಿ ನಮ್ಮನ್ನು ದಿವಾಳಿ ಎಬ್ಬಿಸಿದಿರಿ ಎಂದು ಚಾಲಕ ದೂರಿದ. ಕಲಾನಿಕ್ ರೇಗಿ, ಕೆಲವರು ತಮ್ಮ ಸೋಲಿಗೆ ತಾವು ಹೊಣೆಯಾಗದೆ ಬೇರೆಯವರನ್ನು ದೂರುತ್ತಾರೆ ಎಂದು ಹಂಗಿಸಿ ಇಳಿದು ಹೋದರು. ಕಾರಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ವಿಡಿಯೊ ಹೊರಬಂದಾಗ ಅವರು ಕ್ಷಮೆ ಕೇಳಿ, ತನಗೆ ನಾಯಕತ್ವದ ನೆರವು ಬೇಕು ಎಂದು ಒಪ್ಪಿಕೊಂಡರು. ಕಂಪನಿಯ ಇತರ ಹಗರಣಗಳೂ ಸೇರಿ ಜೂನ್‌ನಲ್ಲಿ ಹುದ್ದೆ ಬಿಡಬೇಕಾಯಿತು. ವಿಡಿಯೊದಲ್ಲಿ ಎಲ್ಲರೂ ನೋಡಿದ್ದು ಅವರ ದರ್ಪವನ್ನು. ಆದರೆ ಆ ಚಾಲಕ ಹೇಳುತ್ತಿದ್ದದ್ದು ಯಾವ ಸಲಹಾ ಸಂಸ್ಥೆಯೂ ಅಷ್ಟು ನೇರವಾಗಿ ಹೇಳದ ಮಾಹಿತಿ, ಅದೂ ಪುಕ್ಕಟೆಯಾಗಿ.

ಸಿಟ್ಟೇ ಬೇಡ ಎಂದು ಇದರ ಅರ್ಥವಲ್ಲ. ಕೈಕೆಳಗಿನ ಹೆಣ್ಣುಮಗಳಿಗೆ ಕಿರುಕುಳ ಕೊಟ್ಟವನನ್ನು, ಸುರಕ್ಷತಾ ಸಾಧನ ಕೊಡದೆ ಕಾರ್ಮಿಕನನ್ನು ಮ್ಯಾನ್‌ಹೋಲ್‌ಗೆ ಇಳಿಸಿದವನನ್ನು ಕಂಡೂ ಸಿಟ್ಟು ಬಾರದ ಅಧಿಕಾರಿ ಆ ಕುರ್ಚಿಗೆ ತಕ್ಕವನಲ್ಲ. ಅಲ್ಲಿ ಸಿಟ್ಟು ಸಂಜೆಯ ಹೊತ್ತಿಗೆ ಆದೇಶವಾಗಿ, ಅಮಾನತಾಗಿ, ಪೊಲೀಸ್ ದೂರಾಗಿ ಕಾಗದದ ಮೇಲೆ ಬರಬೇಕು. ಇಂಥ ಸಿಟ್ಟಿಗೆ ಕೂಗಾಟದ ಹಂಗಿಲ್ಲ.

ಕೂಗಾಡಲು ಎಲ್ಲ ಕಾರಣವಿದ್ದೂ ಕೂಗಾಡದವರೊಬ್ಬರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೊ ಅಧ್ಯಕ್ಷ ಹುದ್ದೆಯನ್ನೂ ಹೊತ್ತಿದ್ದ ಸತೀಶ್ ಧವನ್. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಅಂದು ಪತ್ರಿಕಾಗೋಷ್ಠಿಯಲ್ಲಿ ಧವನ್ ತಾವೇ ಮುಂದೆ ನಿಂತರು, ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಹಿಂದೆ ಇಟ್ಟುಕೊಂಡರು. ಮುಂದಿನ ವರ್ಷ ಗೆದ್ದಾಗ ಗೋಷ್ಠಿಗೆ ಕಲಾಂ ಅವರನ್ನೇ ಕಳಿಸಿದರು ಎಂಬುದು ಕಲಾಂ ಸ್ವತಃ ನೂರಾರು ಸಭೆಗಳಲ್ಲಿ ಹೇಳಿದ ಕತೆ. ಈ ಕತೆಯಲ್ಲಿ ಸಾಮಾನ್ಯವಾಗಿ ತೇಲಿಹೋಗುವ ಭಾಗ ಇನ್ನೊಂದಿದೆ. ಉಡಾವಣೆಗೆ ಕೆಲವೇ ನಿಮಿಷ ಮೊದಲು ಕಂಪ್ಯೂಟರ್ ‘ಬೇಡ’ ಎಂದಿತ್ತು. ತಜ್ಞರ ಮಾತು ನಂಬಿ ಕಂಪ್ಯೂಟರನ್ನು ಬದಿಗೊತ್ತಿ ಉಡಾಯಿಸಲು ನಿರ್ಧರಿಸಿದವರು ಕಲಾಂ. ಅಂದರೆ ಧವನ್ ಅವರಿಗೆ ಬೆಟ್ಟು ಮಾಡಲು ಒಬ್ಬ ಮನುಷ್ಯ, ಒಂದು ನಿರ್ಧಾರ ಎರಡೂ ಸಿದ್ಧವಾಗಿದ್ದವು. ಅವರು ಅದನ್ನು ಬಳಸಲಿಲ್ಲ. ಪರಿಶೀಲನೆಯಲ್ಲಿ ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಲೋಪ ಪತ್ತೆಯಾಯಿತು. 1980ರ ಜುಲೈ 18ರಂದು ಅದೇ ತಂಡ 35 ಕಿಲೊ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಧವನ್ ಅಂಥವರು ಎಲ್ಲ ಕಚೇರಿಗೂ ಸಿಗುವುದಿಲ್ಲ. ವ್ಯಕ್ತಿಯ ಒಳ್ಳೆಯತನವನ್ನು ನಂಬಿಕೊಂಡು ಕೂರದೆ ಜಪಾನ್ 2019ರಲ್ಲಿ ಕಾನೂನನ್ನೇ ತಂದಿತು. ಮೇಲಿನವರು ಅಧಿಕಾರದ ಬಲದಿಂದ ಕೊಡುವ ಕಿರುಕುಳವನ್ನು ತಡೆಯುವುದು ಕಂಪನಿಯ ಹೊಣೆ ಎಂದು ಅದು ವಿಧಿಸುತ್ತದೆ. 2020ರಿಂದ ದೊಡ್ಡ ಕಂಪನಿಗಳಿಗೆ, 2022ರಿಂದ ಸಣ್ಣವಕ್ಕೂ ಅನ್ವಯ. ನಮ್ಮಲ್ಲಿ ಬಾಸ್‌ನ ದರ್ಪ ಸುದ್ದಿಯಾಗುವುದು ವಿಡಿಯೊ ವೈರಲ್ ಆದರೆ ಮಾತ್ರ. 2023ರ ಜೂನ್‌ನಲ್ಲಿ ಕೋಲ್ಕತ್ತದ ಬ್ಯಾಂಕ್ ಅಧಿಕಾರಿಯೊಬ್ಬರು ಗುರಿ ಮುಟ್ಟದ ಸಿಬ್ಬಂದಿಯ ಮೇಲೆ ಆನ್‌ಲೈನ್ ಸಭೆಯಲ್ಲಿ ಅರಚಾಡಿದ್ದು ಹೊರಬಿದ್ದಾಗ ಬ್ಯಾಂಕು ಅವರನ್ನು ಅಮಾನತು ಮಾಡಿತು. ಅವರ ಮೇಲೆ ಅಂಥ ಗುರಿ ಹೊರಿಸಿದವರು ಯಾರು ಎಂಬ ಪ್ರಶ್ನೆಗೆ ವಿಡಿಯೊ ಇರಲಿಲ್ಲ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಅಪ್ರೈಸಲ್‌ನಲ್ಲಿ ಮ್ಯಾನೇಜರ್‌ಗಳ ಫಾರ್ಮಿಗೆ ಸಂಸ್ಥೆಗಳು ಒಂದು ಸಾಲು ಸೇರಿಸಲಿ: ಕಳೆದ ಮೂರು ತಿಂಗಳಲ್ಲಿ ನಿಮ್ಮ ತಂಡದವರು ತಾವಾಗಿಯೇ ಬಂದು ನಿಮಗೆ ಹೇಳಿದ ಕೆಟ್ಟ ಸುದ್ದಿ ಯಾವುದು, ಹೇಳಿದವರು ಈಗ ಎಲ್ಲಿದ್ದಾರೆ? ಆ ಸಾಲನ್ನು ಖಾಲಿ ಬಿಟ್ಟವರ ತಂಡಕ್ಕೆ ಆಡಿಟ್ ಮೊದಲು ಹೋಗಲಿ.